ಉಕ್ಕಿಗೆ ಜ್ವರ, ಬೆಸುಗೆಗೆ ಬರೆ: ಲಿಬರ್ಟಿ ಹಡಗುಗಳು ಸೀಳಿದ ಕಥೆ

1943ರ ಜನವರಿ 16ರ ರಾತ್ರಿ. ಅಮೆರಿಕದ ಒರೆಗಾನ್ ರಾಜ್ಯದ ಪೋರ್ಟ್‌ಲೆಂಡ್ ಊರು. ಅಲ್ಲಿನ ಸ್ವಾನ್ ಐಲೆಂಡ್ ಹಡಗುಕಟ್ಟೆಯಲ್ಲಿ ಸ್ಕೆನೆಕ್ಟಡಿ ಅನ್ನೋ ಹೊಸ ಎಣ್ಣೆ ಹಡಗು ನಿಂತಿತ್ತು. ಅಲೆ ಇರಲಿಲ್ಲ, ಬಿರುಗಾಳಿ ಇರಲಿಲ್ಲ, ಶತ್ರುವಿನ ಟಾರ್ಪಿಡೊ ಅಂತೂ ಇರಲೇ ಇಲ್ಲ. ಕೊರೆಯುವ ಚಳಿ ಮಾತ್ರ ಇತ್ತು. ಸುಮ್ನೆ ನಿಂತಿದ್ದ ಆ ಹಡಗು ಢಮಾರ್ ಅಂತ ನಡುವಿನಲ್ಲಿ ಸೀಳಿಕೊಂಡಿತು. ಸದ್ದು ಒಂದು ಮೈಲಿ ದೂರಕ್ಕೂ ಕೇಳಿಸಿತಂತೆ. ತಳದ ತಗಡೊಂದು ಬಿಟ್ಟು ಡೆಕ್ಕು, ಪಕ್ಕದ ಗೋಡೆಗಳು ಎಲ್ಲ ಹರಿದಿದ್ದವು.

ಮಾರನೆಯ ದಿನದಿಂದಲೇ ಎಲ್ಲರ ಬಾಯಲ್ಲೂ ಒಂದೇ ಪ್ರಶ್ನೆ: ವೆಲ್ಡಿಂಗ್ ಮಾಡಿದವರು ಯಾರು?

ಆ ಪ್ರಶ್ನೆ ಯಾಕೆ ಬಂತು ಅಂತ ತಿಳಿಯೋಕೆ ಎರಡು ಮೂರು ವರ್ಷ ಹಿಂದೆ ಹೋಗಬೇಕು. 1940ರಲ್ಲಿ ಜರ್ಮನಿಯ ಸಬ್‌ಮರೀನ್‌ಗಳು ಬ್ರಿಟನ್ನಿನ ಸರಕು ಹಡಗುಗಳನ್ನು ಒಂದರ ಹಿಂದೆ ಒಂದು ಮುಳುಗಿಸುತ್ತಿದ್ದವು. ದ್ವೀಪದ ದೇಶ. ಹಡಗು ಬರದಿದ್ದರೆ ಊಟಕ್ಕೂ ತತ್ವಾರ. ಬ್ರಿಟನ್ನಿನವರು ಒಂದು ತಂಡವನ್ನು ಅಮೆರಿಕಕ್ಕೆ ಕಳಿಸಿ 60 ಹಡಗುಗಳಿಗೆ ಆರ್ಡರ್ ಕೊಟ್ಟರು. ನಕ್ಷೆ ಇಂಗ್ಲೆಂಡಿನ ಸಂಡರ್‌ಲೆಂಡ್ ಊರಿನ ಒಂದು ಹಳೇ ಕಂಪನಿಯದ್ದು. ಅಂದ ಚಂದ ಏನೂ ಇಲ್ಲ, ಆದರೆ ಕಟ್ಟೋದು ಸುಲಭ.

ಅದೇ ನಕ್ಷೆಯನ್ನು ಒಂದಷ್ಟು ತಿದ್ದಿ ಅಮೆರಿಕದ ಮ್ಯಾರಿಟೈಮ್ ಕಮಿಷನ್, ಅಂದರೆ ಸರಕು ಹಡಗುಗಳನ್ನು ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ, ತನ್ನ ತುರ್ತು ಯೋಜನೆಗೆ ತೆಗೆದುಕೊಂಡಿತು. ಉದ್ದ 441 ಅಡಿ, ಹೊರುವ ಭಾರ ಸುಮಾರು 10,000 ಟನ್, ವೇಗ 11 ನಾಟ್, ಅಂದರೆ ಗಂಟೆಗೆ ಸುಮಾರು 20 ಕಿಲೋಮೀಟರ್. ಎಂಜಿನ್ ಅಂತೂ ಅಜ್ಜನ ಕಾಲದ ಉಗಿ ಎಂಜಿನ್. ಹೊಸ ಟರ್ಬೈನ್‌ಗಳೆಲ್ಲ ಯುದ್ಧನೌಕೆಗಳಿಗೇ ಹೋಗುತ್ತಿದ್ದವು, ಹಾಗಾಗಿ ಸಿಕ್ಕಿದ್ದರಲ್ಲೇ ಸಂಸಾರ. ಪತ್ರಿಕೆಗಳು ಈ ಹಡಗಿಗೆ ‘ಕುರೂಪಿ ಬಾತುಕೋಳಿ’ ಅಂತ ಹೆಸರಿಟ್ಟವು. ಅಧ್ಯಕ್ಷ ರೂಸ್‌ವೆಲ್ಟ್ ಕೂಡ ಇದರ ರೂಪವನ್ನು ಮೆಚ್ಚಲಿಲ್ಲ. ಮೊದಲನೆಯದು, ಪ್ಯಾಟ್ರಿಕ್ ಹೆನ್ರಿ, 1941ರ ಸೆಪ್ಟೆಂಬರ್ 27ರಂದು ಬಾಲ್ಟಿಮೋರ್‌ನಲ್ಲಿ ನೀರಿಗಿಳಿಯಿತು. ಸ್ವಾತಂತ್ರ್ಯ ಕೊಡಿ, ಇಲ್ಲವೇ ಸಾವು ಕೊಡಿ ಎಂದಿದ್ದ ಹಳೆಯ ನಾಯಕನ ಹೆಸರು ಅದು. ‘ಲಿಬರ್ಟಿ’ ಅನ್ನೋ ಹೆಸರು ಅಂಟಿಕೊಂಡದ್ದು ಹೀಗೆ.

1945ರ ಹೊತ್ತಿಗೆ ಇಂಥವು 2,710 ಆದವು. ಒಂದೇ ನಕ್ಷೆಯ ಹಡಗು ಇಷ್ಟೊಂದು ಹುಟ್ಟಿದ್ದು ಎಲ್ಲಿಯೂ ಇಲ್ಲ. ಒಂದೊಂದರ ಹೊಟ್ಟೆಯಲ್ಲೂ 2,840 ಜೀಪುಗಳನ್ನೋ 440 ಸಣ್ಣ ಟ್ಯಾಂಕುಗಳನ್ನೋ ತುಂಬಬಹುದಿತ್ತು. ಸೈನಿಕರನ್ನು ಸಾಗಿಸಲು ಹಡಗು ಸಾಲದೆ ಬಂದಾಗ ಇನ್ನೂರಕ್ಕೂ ಜಾಸ್ತಿ ಲಿಬರ್ಟಿಗಳ ಸರಕಿನ ಕೋಣೆಗಳಲ್ಲಿ ಮಲಗುವ ಹಲಗೆಗಳನ್ನು ಹೊಡೆದು ಮನುಷ್ಯರನ್ನೂ ತುಂಬಿದರು.

ಇಷ್ಟು ಬೇಗ ಕಟ್ಟಿದ್ದು ಹೇಗೆ? ಉತ್ತರ ವೆಲ್ಡಿಂಗ್. ಅಲ್ಲಿಯವರೆಗೆ ಹಡಗೆಂದರೆ ರಿವೆಟ್. ತಗಡಿನ ಅಂಚಿನ ಮೇಲೆ ಇನ್ನೊಂದು ತಗಡಿನ ಅಂಚು ಕೂರಿಸಿ, ತೂತು ಕೊರೆದು, ಕಾದ ಮೊಳೆ ಬಡಿಯಬೇಕು. ಇದನ್ನು ಕಲಿಯೋಕೆ ವರ್ಷಗಳು ಬೇಕು. ವೆಲ್ಡಿಂಗ್ ಕೆಲವು ವಾರಗಳಲ್ಲಿ ಕೈಗೆ ಹತ್ತುತ್ತದೆ. ಹೆನ್ರಿ ಕೈಸರ್ ಅನ್ನೋ ಕಂಟ್ರಾಕ್ಟರ್ ಇದನ್ನು ಗಟ್ಟಿಯಾಗಿ ಹಿಡಿದುಕೊಂಡ. ಹೂವರ್ ಅಣೆಕಟ್ಟು ಕಟ್ಟಿದವರಲ್ಲಿ ಅವನೂ ಒಬ್ಬ, ಹಡಗು ಕಟ್ಟಿದ ಅನುಭವ ಮಾತ್ರ ಸೊನ್ನೆ. ಬಹುಶಃ ಅದೇ ಅವನ ಅದೃಷ್ಟ. ಹಡಗನ್ನು ತಳದಿಂದ ಒಂದೊಂದೇ ತಗಡು ಸೇರಿಸಿ ಎಬ್ಬಿಸಬೇಕು ಅನ್ನೋ ಹಳೇ ನಂಬಿಕೆ ಅವನಿಗಿರಲಿಲ್ಲ. ದೊಡ್ಡ ದೊಡ್ಡ ತುಂಡುಗಳನ್ನು ಬಯಲಲ್ಲೇ ಬೆಸೆದು, ಕ್ರೇನಿನಲ್ಲಿ ಎತ್ತಿ ತಂದು ಜೋಡಿಸಿದರು. ಕೆಲವನ್ನು ತಲೆಕೆಳಗಾಗಿಯೇ ಬೆಸೆಯುತ್ತಿದ್ದರು. ಮೇಲೆ ನೋಡುತ್ತಾ ಬೆಸೆಯೋದು ಕಷ್ಟ, ಕೆಳಗೆ ನೋಡುತ್ತಾ ಬೆಸೆಯೋದು ಸಲೀಸು, ಅಷ್ಟೇ.

ಕೆಲಸಕ್ಕೆ ಬಂದವರು ಬರಗಾಲಕ್ಕೆ ಹೊಲ ಬಿಟ್ಟ ರೈತರು, ದಕ್ಷಿಣದ ರಾಜ್ಯಗಳ ಕಪ್ಪು ಜನ, ಮನೆಯಿಂದಾಚೆ ಕೂಲಿಗೆ ಹೋಗದಿದ್ದ ಹೆಂಗಸರು. ಕ್ಯಾಲಿಫೋರ್ನಿಯಾದ ರಿಚ್ಮಂಡ್ ಯಾರ್ಡುಗಳಲ್ಲಿ ಸುಮಾರು ಕಾಲುಭಾಗ ಹೆಂಗಸರೇ ಇದ್ದರು. ಪೋಸ್ಟರುಗಳಲ್ಲಿ ಮೆರೆದವಳು ‘ರಿವೆಟ್ ಹೊಡೆಯುವ ರೋಸಿ’. ಹಡಗುಕಟ್ಟೆಯಲ್ಲಿ ಹೆಚ್ಚಾಗಿ ದುಡಿದವಳು ವೆಲ್ಡರ್.

ಮೊದಮೊದಲು ಒಂದು ಹಡಗಿಗೆ ಸುಮಾರು 230 ದಿನ ಹಿಡಿಯುತ್ತಿತ್ತು. ಆಮೇಲೆ ಸರಾಸರಿ 42 ದಿನಕ್ಕೆ ಇಳಿಯಿತು. 1942ರ ನವೆಂಬರ್‌ನಲ್ಲಿ ರಿಚ್ಮಂಡ್‌ನವರು ಹಟಕ್ಕೆ ಬಿದ್ದು ರಾಬರ್ಟ್ ಪಿಯರಿ ಹಡಗನ್ನು 4 ದಿನ 15 ಗಂಟೆಯಲ್ಲಿ ನೀರಿಗಿಳಿಸಿದರು. ತುಂಡುಗಳನ್ನೆಲ್ಲ ಮೊದಲೇ ಸಿದ್ಧ ಮಾಡಿಟ್ಟುಕೊಂಡು ಮಾಡಿದ ಪ್ರಚಾರದ ಆಟ ಅದು, ನಿಜ. ಆದರೂ ಆಟ ಆಟವೇ ಅಲ್ವಾ, ಹಡಗು ತೇಲಿತು!

ಇಂಥ ಅವಸರದ ನಡುವೆ ಸ್ಕೆನೆಕ್ಟಡಿ ಸೀಳಿತು. ಅದು ಲಿಬರ್ಟಿ ಅಲ್ಲ, ಟಿ2 ಜಾತಿಯ ಎಣ್ಣೆ ಹಡಗು. ಆದರೆ ಅದೂ ಬೆಸುಗೆಯದ್ದೇ, ಅದೂ ಕೈಸರ್ ಯಾರ್ಡಿನದ್ದೇ. ಅದೇ 1943ರ ನವೆಂಬರಿನಲ್ಲಿ ಅಲಾಸ್ಕಾ ಕಡೆಯ ತಣ್ಣನೆಯ ಸಮುದ್ರದಲ್ಲಿ ಜಾನ್ ಗೇನ್ಸ್ ಅನ್ನೋ ಲಿಬರ್ಟಿಯೂ ಎರಡು ತುಂಡಾಯಿತು. ಜನ ಸತ್ತರು. ಹೊಸಬರು, ಹೆಂಗಸರು, ಗಡಿಬಿಡಿ: ಬೈಯೋಕೆ ಬೇಕಾದದ್ದೆಲ್ಲ ಎದುರಿಗೇ ಇತ್ತು. ಕೆಟ್ಟ ಬೆಸುಗೆ ಇರಲೇ ಇಲ್ಲ ಅಂತ ಹೇಳಲಾಗದು. ಆದರೆ ಕಥೆ ಅಲ್ಲಿಗೆ ಮುಗಿಯುತ್ತಿರಲಿಲ್ಲ.

ಇಂಗ್ಲೆಂಡಿನ ಕೇಂಬ್ರಿಡ್ಜ್‌ನಲ್ಲಿ ಕಾನ್‌ಸ್ಟೆನ್ಸ್ ಟಿಪ್ಪರ್ ಅನ್ನೋ ಲೋಹ ವಿಜ್ಞಾನಿ ಇದ್ದರು. ಅವರು ಸೀಳಿದ ಹಡಗುಗಳ ತಗಡುಗಳನ್ನು ಪರೀಕ್ಷಿಸಿ, ಕೆಡುಕು ಉಕ್ಕಿನಲ್ಲೇ ಇದೆ ಅಂದರು. ಬೆಲ್ಲದ ಅಚ್ಚು ನೆನಪಿಸಿಕೊಳ್ಳಿ. ಬೇಸಿಗೆಯಲ್ಲಿ ಮೆತ್ತಗಾಗಿ ಒತ್ತಿದರೆ ಬಾಗುತ್ತದೆ. ಮಾಗಿಯ ಬೆಳಿಗ್ಗೆ ಕುಟ್ಟಿದರೆ ಫಟ್ ಅಂತ ಒಡೆಯುತ್ತದೆ. ಬೆಲ್ಲ ಅದೇ, ಚಳಿ ಬೇರೆ. ಉಕ್ಕಿಗೂ ಅಂಥದ್ದೊಂದು ಗಡಿ ಇದೆ. ಅದಕ್ಕಿಂತ ತಣ್ಣಗಾದರೆ ಬಾಗುವ ಗುಣ ಹೋಗಿ ಒಡೆಯುವ ಗುಣ ಬರುತ್ತದೆ. ಆ ಕಾಲದ ಹಡಗಿನ ಉಕ್ಕಿನಲ್ಲಿ ಈ ಗಡಿ ತೀರಾ ಮೇಲಿತ್ತು. ಅಟ್ಲಾಂಟಿಕ್‌ನ ಚಳಿಗಾಲದ ನೀರೇ ಸಾಕಾಗುತ್ತಿತ್ತು.

ಹಾಗಾದರೆ ಹಳೇ ಹಡಗುಗಳು ಹೀಗೆ ಸೀಳಲಿಲ್ಲ ಯಾಕೆ? ರಿವೆಟ್ ಹಡಗಿನಲ್ಲಿ ಬಿರುಕು ಒಂದು ತಗಡಿನ ಅಂಚಿಗೆ ಬಂದರೆ ಅಲ್ಲಿಗೆ ನಿಲ್ಲುತ್ತದೆ, ಮುಂದಿನ ತಗಡು ಬೇರೆಯದೇ. ಬೆಸೆದ ಹಡಗು ಒಂದೇ ಅಖಂಡ ತಗಡಿದ್ದಂತೆ. ಬಿರುಕಿಗೆ ತಡೆಯೇ ಇಲ್ಲ, ಆಚೆಯಿಂದ ಈಚೆಗೆ ಓಡುತ್ತದೆ. ಮೇಲಾಗಿ ಡೆಕ್ಕಿನ ಮೇಲೆ ಸರಕು ಇಳಿಸುವ ಬಾಯಿಗಳು ಚೌಕಾಕಾರ. ಮೂಲೆಗಳು ಚೂಪು. ಬಟ್ಟೆಗೆ ಕತ್ತರಿಯಿಂದ ಒಂದು ಗುರುತು ಹಾಕಿ ಎಳೆದರೆ ಅಲ್ಲಿಂದಲೇ ಹರಿಯುತ್ತದಲ್ಲ, ಹಾಗೆ ಬಿರುಕು ಆ ಮೂಲೆಗಳಿಂದ ಹೊರಟಿತು.

ಮದ್ದು ಸರಳವಾಗಿತ್ತು. ಮೂಲೆಗಳನ್ನು ಗುಂಡಗೆ ಮಾಡಿದರು. ಬಿರುಕು ಬಂದರೆ ನಿಲ್ಲಲಿ ಅಂತ ಹಡಗಿನ ಉದ್ದಕ್ಕೂ ರಿವೆಟ್ ಹೊಡೆದ ಪಟ್ಟಿ ಹಾಕಿದರು. ಅಂದರೆ ಓಡಿಸಿದ್ದ ರಿವೆಟ್ಟನ್ನೇ ಮತ್ತೆ ಕರೆದರು. 1944ರಲ್ಲಿ ಶುರುವಾದ, ಇನ್ನೂ ವೇಗದ ವಿಕ್ಟರಿ ಹಡಗುಗಳಲ್ಲಿ ಒಳಗಿನ ಪಕ್ಕೆಲುಬುಗಳ ನಡುವಿನ ಅಂತರವನ್ನು 30 ಇಂಚಿನಿಂದ 36ಕ್ಕೆ ಏರಿಸಿದರು. ಮೈ ಸ್ವಲ್ಪ ಬಳುಕಲಿ ಅಂತ. ಇದೇ ವಿಕ್ಟರಿ ಮೈಯಿಂದ ಸೈನಿಕರನ್ನು ದಡಕ್ಕೆ ಇಳಿಸುವ 117 ಹ್ಯಾಸ್ಕೆಲ್ ಹಡಗುಗಳೂ ಹುಟ್ಟಿದವು.

ಸಂಡರ್‌ಲೆಂಡ್ ನಕ್ಷೆಯ ಇನ್ನೊಂದು ಕುಡಿಯನ್ನು ನಮ್ಮ ದೇಶ ನೋಡಿತ್ತು, ಮರೆಯಲಾಗದ ಹಾಗೆ. ಕೆನಡಾದಲ್ಲಿ ಕಟ್ಟಿದ ಫೋರ್ಟ್ ಸ್ಟಿಕಿನ್ 1944ರ ಏಪ್ರಿಲ್ 14ರಂದು ಮುಂಬೈನ ವಿಕ್ಟೋರಿಯಾ ಡಾಕ್‌ನಲ್ಲಿ ಸಿಡಿದು ನೂರಾರು ಜನರನ್ನು ಬಲಿ ತೆಗೆದುಕೊಂಡಿತು. ಅಲ್ಲಿ ತಪ್ಪು ಉಕ್ಕಿನದಲ್ಲ. ಹತ್ತಿಯನ್ನೂ ಮದ್ದುಗುಂಡನ್ನೂ ಒಂದೇ ಹಡಗಿಗೆ ತುಂಬಿದ್ದರು.

ಹಡಗುಗಳು ಸೀಳಿದ್ದು ಯಾಕೆ ಅಂತ ಹುಡುಕಲು ಅಮೆರಿಕ ಸರ್ಕಾರ ಒಂದು ತನಿಖಾ ಮಂಡಳಿಯನ್ನು ನೇಮಿಸಿತ್ತು. ಅದರ ಕೊನೆಯ ವರದಿ ಬಂದದ್ದು 1946ರ ಜುಲೈನಲ್ಲಿ. ಬೆಸೆದ 4,694 ಹಡಗುಗಳ ಲೆಕ್ಕ ತೆಗೆದಿದ್ದರು. ಬಿರುಕು ಬಿಟ್ಟವು 970. ನಕ್ಷೆಯ ಚೂಪು ಮೂಲೆ, ಚಳಿಗೆ ಒಡೆಯುವ ಉಕ್ಕು, ಕೆಲಸದ ಕುಂದು, ಮೂರಕ್ಕೂ ಪಾಲು ಹಂಚಿದರು. ಉಕ್ಕಿನ ಚೂರಿಗೆ ಗೀರು ಹಾಕಿ, ತಣ್ಣಗೆ ಮಾಡಿ, ಸುತ್ತಿಗೆಯಿಂದ ಹೊಡೆದು ನೋಡುವ ಶಾರ್ಪಿ ಪರೀಕ್ಷೆ 1900ರ ಆಸುಪಾಸಿನಿಂದಲೇ ಇತ್ತು. ಹಡಗಿನ ತಗಡಿಗೆ ಅದನ್ನು ಮಾಡಿಸಬೇಕು ಅಂತ ಯಾರಿಗೂ ಅನ್ನಿಸಿರಲಿಲ್ಲ. ಮುಂದೆ ಉಕ್ಕಿನ ನಿಯಮಗಳೇ ಬದಲಾದವು.

ಆ ವರದಿ ಬರುವ ಹೊತ್ತಿಗೆ ಯಾರ್ಡುಗಳು ಬಹುತೇಕ ಖಾಲಿ. ವೆಲ್ಡರ್ ಹೆಂಗಸರು ಕೆಲಸ ಹೋಗಿ ಮನೆ ಸೇರಿದ್ದರು. ಟಿಪ್ಪರ್ 101 ವರ್ಷ ಬದುಕಿ 1995ರಲ್ಲಿ ತೀರಿಕೊಂಡರು. ನಾಲ್ಕೂವರೆ ದಿನದ ರಾಬರ್ಟ್ ಪಿಯರಿ ಯುದ್ಧ ಮುಗಿಸಿ, ಆಮೇಲೂ ದುಡಿದು, 1963ರಲ್ಲಿ ಗುಜರಿಗೆ ಹೋಯಿತು.