ಹೊಳಪಿಗಿಂತ ಮೊದಲು ಹುಟ್ಟೂರು

ಮಂಗಳೂರಿನಲ್ಲಿ ಹಳೆಯ ಮರದ ಮೂರ್ತಿಗಳ ಸಂರಕ್ಷಣೆ ಮಾಡುವ ನನ್ನ ಬಳಿಗೆ, ವ್ಯಾಪಾರದಲ್ಲಿ ನೆಲೆ ಕಂಡ ಮೇಲೆ ಕಲಾವಸ್ತುಗಳ ಸಂಗ್ರಹಕ್ಕೆ ಇಳಿದವರು ಬರುತ್ತಾರೆ. ಅವರು ಮೊದಲು ಕೇಳುವುದು ಪಾಲಿಶ್‌ ಬಗ್ಗೆ. ನಾನು ಸೌಂದರ್ಯವರ್ಧಕಗಳ ಉದ್ಯಮಿ ಹೆಲೆನಾ ರುಬಿನ್‌ಸ್ಟೈನ್ ಅವರ ಬಗ್ಗೆ ಹೇಳತೊಡಗುತ್ತೇನೆ.

1872ರಲ್ಲಿ ಕ್ರಾಕೋವ್‌ನಲ್ಲಿ ಹುಟ್ಟಿ ಆಸ್ಟ್ರೇಲಿಯಾಕ್ಕೆ ವಲಸೆ ಹೋದ ಆಕೆ, ಕುರಿಯ ಉಣ್ಣೆಯ ಜಿಡ್ಡಾದ ಲ್ಯಾನೊಲಿನ್‌ನ ನಾತವನ್ನು ಲ್ಯಾವೆಂಡರ್‌ನಿಂದ ಮರೆಸಿ ಕ್ರೀಮ್ ಮಾರಿದರು. ಮೆಲ್ಬರ್ನ್‌ನ ಆ ವ್ಯಾಪಾರವನ್ನು ಲಂಡನ್, ಪ್ಯಾರಿಸ್, ನ್ಯೂಯಾರ್ಕ್‌ವರೆಗೆ ಬೆಳೆಸಿದರು. 1928ರಲ್ಲಿ ಅಮೆರಿಕದ ವ್ಯವಹಾರವನ್ನು 73 ಲಕ್ಷ ಡಾಲರಿಗೆ ಮಾರಿ, ಷೇರುಪೇಟೆ ಕುಸಿದ ಮೇಲೆ ತೀರ ಕಡಿಮೆ ಬೆಲೆಗೆ ಅದನ್ನೇ ಮರಳಿ ಕೊಂಡರು. ಶಿಲ್ಪಿ ಜೇಕಬ್ ಎಪ್‌ಸ್ಟೈನ್ ಅವರ ಒತ್ತಾಸೆಯಿಂದ, ಆಫ್ರಿಕಾದ ಮೂರ್ತಿಗಳನ್ನು ಕಲೆಯೆಂದು ಒಪ್ಪುವವರು ವಿರಳವಾಗಿದ್ದ ಕಾಲದಲ್ಲೇ ಅವನ್ನು ಕೊಳ್ಳತೊಡಗಿದ್ದರು.

ಅವುಗಳಲ್ಲೊಂದು ಕ್ಯಾಮರೂನಿನ ಬಾಂಗ್ವಾ ಜನರ ಮರದ ಮೂರ್ತಿ ‘ಬಾಂಗ್ವಾ ರಾಣಿ’. 19ನೆಯ ಶತಮಾನದ ಕೊನೆಯಲ್ಲಿ ಗುಸ್ತಾವ್ ಕೊನ್ರಾವ್ ಎಂಬ ಜರ್ಮನ್ನನ ಮೂಲಕ ಬರ್ಲಿನ್ನಿನ ಮ್ಯೂಸಿಯಂ ಸೇರಿದ ಈ ಮೂರ್ತಿ ಮುಂದೆ ರುಬಿನ್‌ಸ್ಟೈನ್ ಕೈಸೇರಿತು. ಆಕೆ 1965ರಲ್ಲಿ ತೀರಿಕೊಂಡ ಮರುವರ್ಷದ ಹರಾಜಿನಲ್ಲಿ 29 ಸಾವಿರ ಡಾಲರಿಗೆ ಹೋದದ್ದು, 1990ರಲ್ಲಿ 34 ಲಕ್ಷ ಡಾಲರಿಗೆ ಮಾರಾಟವಾಯಿತು. ಅದನ್ನು ಮರಳಿಸಿ ಎಂದು ಬಾಂಗ್ವಾ ಜನ ಇಂದು ಕೇಳಲು ಸಾಧ್ಯವಾಗಿರುವುದು, ಅದು ಯಾವ ನೆಲದ್ದು, ಯಾರ ಕೈ ದಾಟಿ ಬಂತು ಎಂಬ ದಾಖಲೆ ಉಳಿದಿರುವುದರಿಂದ.

ನಮ್ಮಲ್ಲಿಯೂ ಅಂಥದ್ದು ಉಂಟು. ದೆಹಲಿಯ ಕರಕುಶಲ ವಸ್ತುಸಂಗ್ರಹಾಲಯದಲ್ಲಿರುವ ಭೂತಗಳ, ಅಂದರೆ ತುಳುನಾಡಿನ ದೈವಗಳ, ಮರದ ಮೂರ್ತಿಗಳೊಂದಿಗೆ ಉಡುಪಿ ಜಿಲ್ಲೆಯ ಮೆಕ್ಕೆಕಟ್ಟಿನ ಹೆಸರೂ ಉಳಿದಿದೆ. ಆದರೆ ನನ್ನ ಮೇಜಿಗೆ ಬರುವ ಹೆಚ್ಚಿನ ಮೂರ್ತಿಗಳಿಗೆ ಊರಿಲ್ಲ, ಗುತ್ತಿನ, ಅಂದರೆ ಭೂತಾರಾಧನೆ ನಡೆಸುವ ಹಿರಿಯ ಮನೆತನದ, ಹೆಸರಿಲ್ಲ. ಮಾರಿದವನು ಅವುಗಳ ಹಳೆಯ ಬಣ್ಣವನ್ನು ಕೆರೆದು ವಾರ್ನಿಶ್ ಬಳಿದಿರುತ್ತಾನೆ, ಇದು ನನಗೆ ಬಹಳ ನೋವು ಕೊಡುವ ಸಂಗತಿ. ಕೈಯಿಂದ ಕೈಗೆ ಸೇರಿದ ಎಣ್ಣೆ, ಹೊಗೆ, ಕುಂಕುಮದ ಪದರಗಳೇ ಆ ಮರದ ಜಾತಕ; ಒಮ್ಮೆ ಕೆರೆದರೆ ಅವು ಮತ್ತೆ ಬರುವುದಿಲ್ಲ.

ಆದ್ದರಿಂದ ಕೊಳ್ಳುವ ಮೊದಲೇ ಮನೆತನ, ಸಾನ (ಭೂತದ ಗುಡಿ), ಅಲ್ಲಿಂದ ತೆಗೆದ ಕಾರಣ ಕೇಳಿ ಬರೆದಿಡಿ. ನಾಲ್ಕೂ ಬದಿಯ ಚಿತ್ರ ತೆಗೆಯಿರಿ. ನೂರು ವರ್ಷ ಮೀರಿದ ಮೂರ್ತಿ 1972ರ ಕಾಯಿದೆಯಡಿ ಪುರಾತನ ವಸ್ತು, ಖಾಸಗಿಯವರು ಅದನ್ನು ದೇಶದ ಹೊರಗೆ ಕಳುಹಿಸುವಂತಿಲ್ಲ. ನಮ್ಮ ಮಳೆಗಾಲದ ತೇವಕ್ಕೆ ಒಗ್ಗಿದ ಹಲಸಿನ ಮರವನ್ನು ಒಮ್ಮೆಲೇ ಎಸಿ ಕೋಣೆಗೆ ತಂದರೆ ಅದು ಸೀಳುತ್ತದೆ, ಹಾಗಾಗಿ ಕೆಲವು ವಾರ ನೆರಳಿನ ಚಾವಡಿಯಲ್ಲಿಟ್ಟು ನಿಧಾನವಾಗಿ ಒಳಗೆ ತನ್ನಿ.

ಕಳೆದ ಮಳೆಗಾಲದಲ್ಲಿ ಒಬ್ಬರು ತಂದ ಮೂರ್ತಿಯ ಬೆನ್ನಿನಲ್ಲಿ ಮಾತ್ರ ವಾರ್ನಿಶ್ ಇರಲಿಲ್ಲ. ಅಲ್ಲಿ ಉಳಿದಿದ್ದ ಕೆಂಪು ಬಣ್ಣದ ಪದರವನ್ನು ಹಾಗೆಯೇ ಬಿಟ್ಟು, ಅವರನ್ನು ಮಾರಿದವನ ಬಳಿಗೆ, ಮನೆತನದ ಹೆಸರು ಕೇಳಿ ಬರಲು ಕಳುಹಿಸಿದ್ದೇನೆ.