ಕಾಂಡದ ಗಿಡ ಕತ್ತರಿಸಿದರೆ ಬುಡ ಉಳಿದೀತೇ?

ಪ್ರಶ್ನೆ: ನಮ್ಮ ಅಕ್ವೇರಿಯಂನಲ್ಲಿ ರೋಟಲಾ, ಹೈಗ್ರೊಫಿಲಾ ಗಿಡಗಳು ನೀರಿನ ಮೇಲ್ಮೈ ಮುಟ್ಟಿವೆ. ಮೇಲೆ ನೋಡಲು ಚೆಂದ, ಕೆಳಗೆ ಮಾತ್ರ ಎಲೆ ಉದುರಿ ಬರೀ ಕಡ್ಡಿ. ಅರ್ಧಕ್ಕೆ ಕತ್ತರಿಸಿದರೆ ಬುಡ ಸತ್ತುಹೋಗುತ್ತದೆಯೇ? ನೆಡಬೇಕಾದ್ದು ತುದಿಯನ್ನೋ, ಬುಡವನ್ನೋ?
– ಕುಂಬಳೆಯಿಂದ ಓದುಗರೊಬ್ಬರು

ಉತ್ತರ: ಸಾಯುವುದಿಲ್ಲ, ಧೈರ್ಯವಾಗಿ ಕತ್ತರಿಸಿ. ಬುಡವೂ ಚಿಗುರುತ್ತದೆ, ತುದಿಯೂ ಬೇರು ಬಿಡುತ್ತದೆ. ಎರಡಕ್ಕೂ ಜಾಗವಿಲ್ಲ ಎಂದಾದರೆ ತುದಿಯನ್ನು ನೆಡಿ, ಬುಡವನ್ನು ಕಿತ್ತುಬಿಡಿ. ಬೇರಿರುವುದೇ ಗಿಡ ಎಂದುಕೊಂಡು ಅನೇಕರು ಬುಡವನ್ನು ಉಳಿಸಿ ತುದಿಯನ್ನು ಎಸೆಯುತ್ತಾರೆ. ನಿಮ್ಮ ಟ್ಯಾಂಕಿನ ನೀರು, ಬೆಳಕಿಗೆ ಹೊಂದಿಕೊಂಡು ಬೆಳೆದ ಒಳ್ಳೆಯ ಎಲೆಗಳೆಲ್ಲ ಇರುವುದು ತುದಿಯಲ್ಲೇ.

ಒಳ್ಳೆಮೆಣಸಿನ ಬಳ್ಳಿ ನೆಟ್ಟು ಗೊತ್ತಿರುವ ನಮ್ಮ ಕಡೆಯವರಿಗೆ ಇದನ್ನು ಹೇಳಿಕೊಡುವುದು ಸುಲಭ. ಎರಡು ಮೂರು ಗಂಟಿನ ತುಂಡನ್ನು ಮಣ್ಣಿಗೆ ಊರಿದರೆ ಗಂಟಿನಿಂದಲೇ ಬೇರು, ಗಂಟಿನಿಂದಲೇ ಚಿಗುರು. ನೀರೊಳಗಿನ ಕಾಂಡದ ಗಿಡವೂ ಹಾಗೆಯೇ. ಎಲೆ ಕಾಂಡಕ್ಕೆ ಅಂಟಿದ ಜಾಗವೇ ಗಂಟು. ಪ್ರತಿ ಎಲೆಯ ಕಂಕುಳಲ್ಲೂ ಒಂದು ಮೊಗ್ಗು ಇರುತ್ತದೆ. ತುದಿಯ ಚಿಗುರು ಆಕ್ಸಿನ್ ಎಂಬ ಹಾರ್ಮೋನನ್ನು ತಯಾರಿಸಿ ಕೆಳಕ್ಕೆ ಕಳಿಸುತ್ತಿರುತ್ತದೆ. ಅದು ಬರುತ್ತಿರುವವರೆಗೆ ಕೆಳಗಿನ ಮೊಗ್ಗುಗಳು ಏಳುವುದಿಲ್ಲ. ತುದಿ ಹೋಯಿತೋ, ಅವಕ್ಕೆ ತಡೆ ಇಲ್ಲ. ರೋಟಲಾ, ಹೈಗ್ರೊಫಿಲಾಗಳಲ್ಲಿ ಎಲೆಗಳು ಎದುರುಬದುರಾಗಿ ಜೋಡಿಯಾಗಿರುವುದರಿಂದ ಕತ್ತರಿಸಿದ ಜಾಗದ ಕೆಳಗಿನ ಗಂಟಿನಲ್ಲಿ ಸಾಮಾನ್ಯವಾಗಿ ಎರಡು ಕವಲು ಬರುತ್ತವೆ. ಒಂದೆರಡು ವಾರ ಬಿಟ್ಟು ಗಾಜಿಗೆ ಕಣ್ಣು ಹತ್ತಿರ ಹಿಡಿದು ನೋಡಿ: ಹಳೆಯ ಕಾಂಡದ ಎರಡೂ ಪಕ್ಕದಿಂದ ಎಳ್ಳಿನಷ್ಟು ಎಲೆಗಳು ಹೊರಟಿರುತ್ತವೆ. ಪೊದೆ ದಟ್ಟವಾಗುವುದು ಹೀಗೆ.

ಕೆಳಗೆ ಕಡ್ಡಿಯಾಗಲು ಮುಖ್ಯ ಕಾರಣ ನೆರಳು. ಮೇಲಿನ ಎಲೆಗಳು ನೀರಿನ ಮೇಲ್ಮೈಯಲ್ಲಿ ಹರಡಿ ಬೆಳಕನ್ನೆಲ್ಲ ತಡೆದುಬಿಟ್ಟರೆ ಕೆಳಗಿನ ಎಲೆಯನ್ನು ಗಿಡ ತಾನೇ ಕಳಚಿಹಾಕುತ್ತದೆ. ಗೊಬ್ಬರ ಎಷ್ಟು ಹಾಕಿದರೂ ಉದುರಿದ ಎಲೆ ಅದೇ ಜಾಗದಲ್ಲಿ ಮತ್ತೆ ಬರುವುದಿಲ್ಲ. ಹಾಗಾಗಿ ಮೇಲ್ಮೈ ಮುಟ್ಟುವ ತನಕ ಕಾಯಬೇಡಿ, ನಾಲ್ಕು ಬೆರಳು ಕೆಳಗಿರುವಾಗಲೇ ಕತ್ತರಿ ಹಾಕಿ.

ಕತ್ತರಿ ಹರಿತವಾಗಿರಲಿ. ಮೊಂಡು ಕತ್ತರಿಯಲ್ಲಿ ಜಜ್ಜಿದ ಕಾಂಡ ಕೊಳೆಯುತ್ತದೆ. ಬುಡದಲ್ಲಿ ಕನಿಷ್ಠ ಎರಡು ಮೂರು ಗಂಟು ಉಳಿಸಿ, ಒಂದು ಗಂಟಿನ ಸ್ವಲ್ಪ ಮೇಲೆ ಕತ್ತರಿಸಿ. ಕೈಗೆ ಬಂದ ತುದಿ ಎಂಟು ಹತ್ತು ಸೆಂಟಿಮೀಟರ್ ಇದ್ದರೆ ಸಾಕು. ಅದರ ಕೆಳಗಿನ ಎರಡು ಗಂಟಿನ ಎಲೆ ತೆಗೆದು, ಆ ಗಂಟುಗಳು ಮರಳಿನೊಳಗೆ ಹೋಗುವಂತೆ ಉದ್ದ ಚಿಮಟದಲ್ಲಿ ಸ್ವಲ್ಪ ಓರೆಯಾಗಿ ಊರಿ. ನೆಟ್ಟಗೆ ಊರಿದ್ದು ಚಿಮಟ ಬಿಡುತ್ತಲೇ ಮೇಲಕ್ಕೆ ತೇಲಿ ಬರುತ್ತದೆ. ಐದಾರು ಕಡ್ಡಿಗಳನ್ನು ಒಟ್ಟಿಗೆ ಕಟ್ಟುಕಟ್ಟಿ ನೆಡಬೇಡಿ. ಒಂದೊಂದನ್ನೇ, ನಡುವೆ ಒಂದು ಬೆರಳು ಜಾಗ ಬಿಟ್ಟು ನೆಟ್ಟರೆ ಬುಡಕ್ಕೂ ಬೆಳಕು ಸಿಗುತ್ತದೆ. ಒಂದೇ ದಿನ ಟ್ಯಾಂಕನ್ನು ಬೋಳಿಸುವುದೂ ಬೇಡ. ಗೊಬ್ಬರ ಹೀರುವ ಎಲೆ ಒಮ್ಮೆಗೇ ಕಡಿಮೆಯಾದರೆ ಪಾಚಿಗೆ ಹಬ್ಬ. ಈ ವಾರ ಅರ್ಧ, ಮುಂದಿನ ವಾರ ಉಳಿದರ್ಧ, ಪ್ರತಿ ಸಲವೂ ಮೂರನೇ ಒಂದು ಭಾಗ ನೀರು ಬದಲಾವಣೆ.

ಅದೇ ಬುಡವನ್ನು ಮತ್ತೆ ಮತ್ತೆ ಕತ್ತರಿಸುತ್ತಾ ಹೋದರೆ ಕೆಲವು ಸಲ ಆದ ಮೇಲೆ ಅದು ಸೊರಗಿ, ಕವಲು ಸಪೂರವಾಗುತ್ತದೆ. ಆಗ ಬುಡವನ್ನು ನಿಧಾನಕ್ಕೆ ಕಿತ್ತು, ಒಳ್ಳೆಯ ತುದಿಗಳನ್ನು ಅದೇ ಜಾಗದಲ್ಲಿ ನೆಡಬೇಕು. ವ್ಯಾಲಿಸ್ನೇರಿಯಾ, ಅನುಬಿಯಸ್, ಜಾವಾ ಫರ್ನ್‌ಗಳು ಇಂಥ ಕಾಂಡದ ಗಿಡಗಳಲ್ಲ, ಅವಕ್ಕೆ ಈ ಕ್ರಮ ಯಾವುದೂ ಅನ್ವಯಿಸುವುದಿಲ್ಲ.

ನಮ್ಮ ನೀರಿನ ಬಗ್ಗೆ ಒಂದು ಮಾತು. ಮುರಕಲ್ಲಿನ ಬಾವಿಯ ನೀರು ಮೆದು, ಸ್ವಲ್ಪ ಹುಳಿ ಗುಣದ್ದು. ಸುಣ್ಣದ ಅಂಶ ಕಡಿಮೆ. ಕಾಂಡದ ಗಿಡಗಳಿಗೆ ಮೆದು ನೀರು ಒಗ್ಗುತ್ತದೆ, ಆದರೆ ಕ್ಯಾಲ್ಸಿಯಂ ತೀರಾ ಸಾಲದಾದರೆ ಹೊಸ ಚಿಗುರು ಮುರುಟಿಕೊಂಡು ಬರುತ್ತದೆ. ತೊಳೆದು ಒಣಗಿಸಿದ ಮರುವಾಯಿ ಚಿಪ್ಪನ್ನು (ಕಪ್ಪೆಚಿಪ್ಪು) ಒಂದು ಹಿಡಿ ತೆಳ್ಳಗಿನ ಬಟ್ಟೆಯಲ್ಲಿ ಕಟ್ಟಿ ಫಿಲ್ಟರಿನಲ್ಲಿಡಿ; ಹುಳಿ ನೀರಿನಲ್ಲಿ ಅದು ನಿಧಾನವಾಗಿ ಕರಗುತ್ತದೆ. ಈ ಗಿಡಗಳೇನೂ ನಮಗೆ ಪರಕೀಯವಲ್ಲ. ಅಕ್ವೇರಿಯಂ ಪ್ರಿಯರೆಲ್ಲ ಆಸೆಪಡುವ ಕೆಂಪು ರೋಟಲಾ ಮ್ಯಾಕ್ರಾಂಡ್ರಾ ನೈಋತ್ಯ ಭಾರತದ್ದೇ. ಮಳೆಗಾಲದಲ್ಲಿ ಕಾಸರಗೋಡಿನ ಪದವುಗಳ (ಮುರಕಲ್ಲಿನ ಎತ್ತರದ ಬಯಲು) ಮೇಲೆ ನಿಂತ ನೀರಿನಲ್ಲೂ ರೋಟಲಾಗಳು ಬೆಳೆಯುತ್ತವೆ. ಒಂದಕ್ಕೆ ರೋಟಲಾ ತುಳುನಾಡೆನ್ಸಿಸ್ ಎಂದೇ ಹೆಸರು. ದಯವಿಟ್ಟು ಅವನ್ನು ಕಿತ್ತು ತರಬೇಡಿ. ಕಲ್ಲು ಕೋರೆಗಳಿಗೆ ಪದವುಗಳು ಕರಗುತ್ತಿರುವಾಗ ಉಳಿದದ್ದಾದರೂ ಅಲ್ಲಿಯೇ ಇರಲಿ.

ಹೆಚ್ಚಾದ ತುಂಡುಗಳನ್ನು ಏನು ಮಾಡುವುದು ಎಂಬುದನ್ನು ನೀವು ಕೇಳಿಲ್ಲ, ಆದರೂ ಹೇಳಲೇಬೇಕು. ಒದ್ದೆ ಪೇಪರಿನಲ್ಲಿ ಸುತ್ತಿ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿಕೊಟ್ಟರೆ ಒಂದೆರಡು ದಿನ ಬಾಡುವುದಿಲ್ಲ, ಬೇಕಾದವರಿಗೆ ಹಂಚಿ. ತೋಡಿಗೆ, ಕೆರೆಗೆ, ಶಿರಿಯಾ ಹೊಳೆಗೆ ಮಾತ್ರ ಬಿಡಬೇಡಿ. 2020ರಲ್ಲಿ ಕೋಯಿಕ್ಕೋಡ್ ಜಿಲ್ಲೆಯ ಆವಳ ಪಾಂಡಿಯ ತೋಡು ತುಂಬ ಗುಲಾಬಿ ಹೂ ಅರಳಿದ್ದನ್ನು ನೋಡಲು ಜನ ಮುಗಿಬಿದ್ದದ್ದು ನೆನಪಿರಬಹುದು. ಅದು ಕಬೊಂಬಾ ಫರ್ಕಾಟಾ, ದಕ್ಷಿಣ ಅಮೆರಿಕದ ಅಕ್ವೇರಿಯಂ ಗಿಡ. ಕಾಂಡದ ತುಂಡು ಮುರಿದು ಬಿದ್ದಲ್ಲೆಲ್ಲ ಬೆಳೆದು, ನೀರಿನ ಹರಿವನ್ನು ತಡೆದು, ಊರಿನ ಜಲಸಸ್ಯಗಳಿಗೆ ಜಾಗವಿಲ್ಲದಂತೆ ಮಾಡುವ ಗಿಡ ಅದು. ನೀವು ಟ್ಯಾಂಕಿನಲ್ಲಿ ಮೆಚ್ಚುವ ಗುಣವೇ ತೋಡಿನಲ್ಲಿ ಹಾನಿ. ಬೇಡದ ತುಂಡುಗಳನ್ನು ಅಂಗಳದಲ್ಲಿ ಪೂರ್ತಿ ಒಣಗಿಸಿ ಗೊಬ್ಬರದ ಗುಂಡಿಗೆ ಹಾಕಿ. ಕತ್ತರಿಸಿದ ದಿನ ತೆಗೆದ ನೀರನ್ನೂ ತೆಂಗಿನ ಬುಡಕ್ಕೇ ಹೊಯ್ಯಿರಿ, ಉಗುರಿನಷ್ಟು ತುಂಡುಗಳು ಅದರಲ್ಲೂ ತೇಲುತ್ತಿರುತ್ತವೆ.