ಪೆಡಲ್ ಮಾರುವ ಮೊದಲು ಸ್ಪೀಕರ್ ಬದಲಿಸಿ ಕೇಳಿ

ಅಂಗಡಿಯಲ್ಲಿ ಕೇಳಿದಾಗ ಹಿತವಾಗಿದ್ದ ಡಿಸ್ಟಾರ್ಷನ್ ಪೆಡಲ್ (ಗಿಟಾರ್ ಸದ್ದನ್ನು ಒರಟಾಗಿಸುವ, ಕಾಲಿನಿಂದ ಒತ್ತುವ ಪೆಟ್ಟಿಗೆ), ಕೋರಮಂಗಲದ ಪಬ್‌ನಲ್ಲಿ ಮಿಕ್ಸರ್‌ಗೆ ನೇರವಾಗಿ ಚುಚ್ಚಿದ ಕೂಡಲೇ ಡಬ್ಬಿಯಲ್ಲಿ ಸಿಕ್ಕಿಬಿದ್ದ ಜೇನುಹುಳುವಿನ ಹಾಗೆ ಗುಂಯ್‌ಗುಡುತ್ತದೆ. ಪೆಡಲ್ಲೇ ಸರಿಯಿಲ್ಲ ಎಂದು ಅದನ್ನು ಮಾರಿ ಇನ್ನೊಂದು ತಂದರೆ ಅದರದೂ ಅದೇ ಕತೆ. ಪಾಪ, ಪೆಡಲ್‌ನ ತಪ್ಪೇನೂ ಇರುವುದಿಲ್ಲ. ಅಂಗಡಿಯಲ್ಲಿ ಅದರ ಮುಂದೆ 12 ಇಂಚಿನ ಗಿಟಾರ್ ಸ್ಪೀಕರ್ ಇತ್ತು, ಪಬ್‌ನಲ್ಲಿ ಇಲ್ಲ.

ಗಿಟಾರ್ ಸ್ಪೀಕರ್ ಸುಮಾರು 5,000 ಹರ್ಟ್ಸ್ ದಾಟಿದ ಮೇಲೆ ಹೆಚ್ಚುಕಡಿಮೆ ಮೂಕವಾಗುತ್ತದೆ. ಡಿಸ್ಟಾರ್ಷನ್ ಪೆಡಲ್ ಅಲೆಯ ತಲೆ ಕತ್ತರಿಸುವಾಗ ಹುಟ್ಟುವ ಕರ್ಕಶ ಸ್ವರಾಂಶಗಳೆಲ್ಲ ಬಹುಪಾಲು ಅದರಿಂದ ಮೇಲೆಯೇ ಇರುತ್ತವೆ. ಅವನ್ನು ಸ್ಪೀಕರ್ ನುಂಗುತ್ತದೆ ಎಂದು ನಂಬಿಯೇ ಪೆಡಲ್ ತಯಾರಾಗಿದೆ. ಸಭೆ-ಸಮಾರಂಭಗಳ ಪಿಎ ಸ್ಪೀಕರ್, ಕೀಬೋರ್ಡ್ ಆಂಪ್, ಬ್ಲೂಟೂತ್ ಸ್ಪೀಕರ್ ಇವು ಏನನ್ನೂ ನುಂಗದೆ ಎಲ್ಲವನ್ನೂ ಹೊರಹಾಕುತ್ತವೆ. ಮಿಕ್ಸರ್‌ಗೆ ನೇರವಾಗಿ ಹೋಗುವವರು ಪೆಡಲ್ ಸರಪಳಿಯ ಕೊನೆಯಲ್ಲಿ ಗಿಟಾರ್ ಸ್ಪೀಕರ್‌ನ ಗುಣವನ್ನು ಅನುಕರಿಸುವ ಕ್ಯಾಬ್ ಸಿಮ್ಯುಲೇಟರ್ ಅಥವಾ ಐಆರ್ ಲೋಡರ್ ಇಡಲೇಬೇಕು. ಇದ್ದ ದುಡ್ಡಿನಲ್ಲಿ ಒಂದೇ ವಸ್ತು ಕೊಳ್ಳುವುದಾದರೆ ಮೂರನೇ ಓವರ್‌ಡ್ರೈವ್‌ಗಿಂತ (ಇದೂ ಡಿಸ್ಟಾರ್ಷನ್ ಜಾತಿಯ ಪೆಡಲ್ಲೇ) ಅದೇ ಮೇಲು.

ಸ್ಪೀಕರ್ ಸ್ಪೀಕರ್‌ಗೂ ವ್ಯತ್ಯಾಸ ಸಣ್ಣದಲ್ಲ. ಸೆಲೆಶನ್ ಕಂಪನಿಯ ಎರಡನ್ನೇ ನೋಡಿ. ಗ್ರೀನ್‌ಬ್ಯಾಕ್ 25 ವ್ಯಾಟ್, ಸೆನ್ಸಿಟಿವಿಟಿ (ಒಂದು ವ್ಯಾಟ್ ಕೊಟ್ಟರೆ ಎಷ್ಟು ಜೋರು ಎಂಬ ಅಳತೆ) 98 ಡೆಸಿಬೆಲ್. ವಿಂಟೇಜ್ 30 ಎಂಬುದು ಹೆಸರಿಗೆ 30, ತಾಳಿಕೆ 60 ವ್ಯಾಟ್, ಸೆನ್ಸಿಟಿವಿಟಿ 100 ಡೆಸಿಬೆಲ್. ಈ 2 ಡೆಸಿಬೆಲ್ ತುಂಬಿಕೊಳ್ಳಲು ಗ್ರೀನ್‌ಬ್ಯಾಕ್‌ಗೆ ಸುಮಾರು ಒಂದೂವರೆ ಪಟ್ಟು ವ್ಯಾಟ್ ಬೇಕು. ಅಂದರೆ ಆಂಪ್ ಮುಟ್ಟದೆ ಸ್ಪೀಕರ್ ಬದಲಿಸಿದರೂ ಸೌಂಡ್ ಏರುತ್ತದೆ, ಇಳಿಯುತ್ತದೆ. ವಿಂಟೇಜ್ 30ಕ್ಕೆ ಮೇಲಿನ ಮಿಡ್‌ನಲ್ಲಿ (ಬೇಸ್, ಟ್ರೆಬಲ್ ನಡುವಿನ ಸ್ವರಗಳ ಮೇಲ್ಭಾಗದಲ್ಲಿ) ಒಂದು ಉಬ್ಬು ಬೇರೆ. ಬ್ಯಾಂಡ್ ನಡುವೆ ಗಿಟಾರ್ ಎದ್ದು ಕೇಳಿಸಲು ಅದೇ ಕಾರಣ, ಒಬ್ಬರೇ ನುಡಿಸುವಾಗ ಕಿವಿ ಚುಚ್ಚಲೂ ಅದೇ ಕಾರಣ.

ಪೆಡಲ್‌ಗಳಿಗೂ ಇಂಥದೇ ಉಬ್ಬು-ತಗ್ಗುಗಳಿವೆ. ಟ್ಯೂಬ್ ಸ್ಕ್ರೀಮರ್ ಎಂಬ ಓವರ್‌ಡ್ರೈವ್ ಪೆಡಲ್ ಒಳಗಿನ 4.7 ಕಿಲೋ ಓಮ್ ರೆಸಿಸ್ಟರ್, 0.047 ಮೈಕ್ರೋಫ್ಯಾರಡ್ ಕೆಪಾಸಿಟರ್ ಜೊತೆಸೇರಿ 720 ಹರ್ಟ್ಸ್‌ಗಿಂತ ಕೆಳಗಿನ ಬೇಸ್‌ಗೆ ಗೇನ್ (ವರ್ಧನೆ) ಕಡಿಮೆ ಮಾಡುತ್ತವೆ. ಮಿಡ್ ಮುಂದೆ ಬರುವುದು ಹಾಗೆ. ಅದನ್ನು ವಿಂಟೇಜ್ 30 ಮುಂದೆ ಇಟ್ಟರೆ ಉಬ್ಬಿನ ಮೇಲೆ ಉಬ್ಬು. ಟೋನ್ ನಾಬ್ ಎಷ್ಟು ಇಳಿಸಿದರೂ ಮೂಗಿನಲ್ಲಿ ಹಾಡಿದಂತಿರುತ್ತದೆ. ಬಿಗ್ ಮಫ್ ಎಂಬ ಪೆಡಲ್ ಇದಕ್ಕೆ ತದ್ವಿರುದ್ಧ. 1,000 ಹರ್ಟ್ಸ್ ಆಸುಪಾಸಿನಲ್ಲಿ ಅದಕ್ಕೊಂದು ಹಳ್ಳವಿದೆ, ವಿಂಟೇಜ್ 30 ಆ ಕೊರತೆಯನ್ನು ಸ್ವಲ್ಪ ತುಂಬಿಕೊಡುತ್ತದೆ. ಅದೇ ಮಫ್ ಅನ್ನು ಮಿಡ್ ಕಡಿಮೆಯಿರುವ ಸ್ಪೀಕರ್‌ಗೆ ಕೊಟ್ಟರೆ ಮನೆಯಲ್ಲಿ ಭರ್ಜರಿ, ಡ್ರಮ್ಸ್ ಶುರುವಾದೊಡನೆ ಗಿಟಾರ್ ಮಾಯ. ಯಾವ ಸ್ಪೀಕರ್‌ನಲ್ಲಿ ಕೇಳಿದ್ದು ಎಂದು ಹೇಳದೆ ಯಾರಾದರೂ ಪೆಡಲ್ ಹೊಗಳಿದರೆ ಆ ಮಾತಿಗೆ ನಾನು ಬೆಲೆ ಕೊಡುವುದಿಲ್ಲ.

ಹೋಲಿಸಿ ನೋಡುವುದಕ್ಕೂ ಒಂದು ಕ್ರಮ ಇದೆ. ಗಿಟಾರ್ ಆದ ಕೂಡಲೇ, ಎಲ್ಲ ಪೆಡಲ್‌ಗಳಿಗಿಂತ ಮುಂಚೆ, ನುಡಿಸಿದ್ದನ್ನು ಹಿಡಿದಿಟ್ಟು ಮತ್ತೆ ಮತ್ತೆ ಕೇಳಿಸುವ ಲೂಪರ್ ಒಂದನ್ನು ಇಡಿ. ಪೆಡಲ್‌ಗಳೆಲ್ಲ ಆಫ್ ಇರುವಾಗ ಅರ್ಧ ನಿಮಿಷ ನುಡಿಸಿ ರೆಕಾರ್ಡ್ ಮಾಡಿ: ಪೂರ್ತಿ ಕಾರ್ಡ್, ಒಂಟಿ ತಂತಿ, ಮೆಲ್ಲಗೆ, ಜೋರಾಗಿ. ಈಗ ಕೈ ಖಾಲಿ, ನುಡಿಸುವುದು ಲೂಪರ್. ನೀವು ನಾಬ್ ತಿರುಗಿಸುತ್ತಾ ಕೇಳಿದರೆ ಸಾಕು. ಆಮೇಲೆ ಫೋನಿನ ಡೆಸಿಬೆಲ್ ಆ್ಯಪ್ ಅನ್ನು ಒಂದೇ ಜಾಗದಲ್ಲಿಟ್ಟು ಪ್ರತಿ ಪೆಡಲ್‌ನ ಲೆವೆಲ್ ಅನ್ನು 1 ಡೆಸಿಬೆಲ್ ಒಳಗೆ ಸರಿದೂಗಿಸಿ. ಆ್ಯಪ್ ತೋರಿಸುವ ಅಂಕಿ ನಿಜಕ್ಕಿಂತ ಹೆಚ್ಚುಕಮ್ಮಿ ಇದ್ದೀತು, ಹೋಲಿಕೆಗೆ ಅಷ್ಟೇ ಸಾಕು. ಇದನ್ನು ಬಿಟ್ಟರೆ ಹೋಲಿಕೆಗೆ ಅರ್ಥವೇ ಇಲ್ಲ, ಏಕೆಂದರೆ ಚೂರು ಜೋರಾಗಿರುವ ಪೆಡಲ್ಲೇ ಕಿವಿಗೆ ಯಾವಾಗಲೂ ‘ಚೆನ್ನಾಗಿರುವ’ ಪೆಡಲ್. ಸ್ಪೀಕರ್ ಬದಲಿಸಿದಾಗಲೂ ಇದೇ ಲೆಕ್ಕ.

ಲೂಪರ್‌ಗೂ ಒಂದು ಮಿತಿಯಿದೆ. ಹಳೇ ಮಾದರಿಯ ಫಝ್ ಪೆಡಲ್‌ಗಳು (ಡಿಸ್ಟಾರ್ಷನ್‌ನ ಇನ್ನೂ ಒರಟು ರೂಪ) ಗಿಟಾರ್ ಪಿಕಪ್‌ಗೆ, ಅಂದರೆ ತಂತಿಯ ಕಂಪನವನ್ನು ಸಿಗ್ನಲ್ ಮಾಡುವ ಭಾಗಕ್ಕೆ, ನೇರ ಅಂಟಿಕೊಂಡಿರಬೇಕು. ನಡುವೆ ಲೂಪರ್, ಟ್ಯೂನರ್ ಮುಂತಾದವುಗಳ ಬಫರ್ (ಸಿಗ್ನಲ್ ಬಲಪಡಿಸುವ ಸರ್ಕ್ಯೂಟ್) ಬಂದರೆ ಫಝ್ ಚೂಪಾಗಿ ಕಿರುಚುತ್ತದೆ, ಗಿಟಾರ್‌ನ ವಾಲ್ಯೂಮ್ ಇಳಿಸಿದರೂ ಕ್ಲೀನ್ ಆಗುವುದಿಲ್ಲ. ಫಝ್ ಅನ್ನು ಕೈಯಿಂದ ನುಡಿಸಿಯೇ ಪರೀಕ್ಷಿಸಿ. ಅದರಲ್ಲೂ ಜರ್ಮೇನಿಯಂ ಟ್ರಾನ್ಸಿಸ್ಟರ್‌ನ ಫಝ್ ಆದರೆ ಏಪ್ರಿಲ್ ಮಧ್ಯಾಹ್ನದ ಬೆಂಗಳೂರಿನಲ್ಲಿ ಒಮ್ಮೆ, ತಣ್ಣನೆಯ ಬೆಳಗ್ಗೆ ಒಮ್ಮೆ ಕೇಳಿ: ಉಷ್ಣಾಂಶ 10 ಡಿಗ್ರಿ ಏರಿದರೆ ಆ ಟ್ರಾನ್ಸಿಸ್ಟರ್‌ನಲ್ಲಿ ಸೋರುವ ಕರೆಂಟು ಹೆಚ್ಚುಕಡಿಮೆ ಎರಡು ಪಟ್ಟಾಗುತ್ತದೆ.

ಕೇಳುವ ಜಾಗವೂ ಮುಖ್ಯ. ಸ್ಪೀಕರ್‌ನ ಟ್ರೆಬಲ್ ನೇರ ಮುಂದಕ್ಕೆ ಹೋಗುತ್ತದೆ, ಪಕ್ಕಕ್ಕೆ ಹರಡುವುದಿಲ್ಲ. ಆಂಪ್ ನೆಲದ ಮೇಲಿಟ್ಟು ನಿಂತು ನುಡಿಸಿದರೆ ಟ್ರೆಬಲ್ ಮೊಣಕಾಲಿಗೆ ಸಿಗುತ್ತದೆ, ಕಿವಿಗೆ ಸಿಗದು. ಕಡಿಮೆಯೆಂದು ಏರಿಸಿದ ಆ ಟ್ರೆಬಲ್ ಎದುರು ಕೂತವರ ಕಿವಿ ಕೊರೆಯುತ್ತದೆ. ಆಂಪ್ ಅನ್ನು ಕುರ್ಚಿಯ ಮೇಲಿಡಿ ಅಥವಾ ಹಿಂದಕ್ಕೆ ವಾಲಿಸಿ. ಇನ್ನು ನಮ್ಮ 10–12 ಅಡಿಯ ಕಾಂಕ್ರೀಟ್ ಕೋಣೆಗಳು. ಎದುರು-ಬದುರು ಗೋಡೆಗಳ ನಡುವೆ 10 ಅಡಿಯಿದ್ದರೆ ಸುಮಾರು 112 ಹರ್ಟ್ಸ್‌ನಲ್ಲಿ ಕೋಣೆಯೇ ಅನುರಣಿಸುತ್ತದೆ. ಐದನೇ ತಂತಿಯ ಎ ಸ್ವರ 110 ಹರ್ಟ್ಸ್. ಗೋಡೆಗೆ ಬೆನ್ನು ಕೊಟ್ಟು ಕೂತು ಆ ತಂತಿ ಮೀಟಿದರೆ ‘ಬುಂ’ ಎಂದು ಉಬ್ಬುವುದು ಇದಕ್ಕೇ. ಪೆಡಲ್‌ನ ಬೇಸ್ ಇಳಿಸುವ ಮೊದಲು ಕುರ್ಚಿಯನ್ನು ಎರಡು ಅಡಿ ಮುಂದೆ ಎಳೆದು ನೋಡಿ. ಸಣ್ಣ ವಾಲ್ಯೂಮ್‌ನಲ್ಲಿ ಕಿವಿಗೆ ಬೇಸ್, ಟ್ರೆಬಲ್ ಎರಡೂ ಕಡಿಮೆ ಕೇಳಿಸುತ್ತವೆ. ರಾತ್ರಿ ಮನೆಯಲ್ಲಿ ಕೂಡಿಸಿದ ಸೆಟ್ಟಿಂಗ್ ಜಾಮ್ ರೂಮ್‌ನಲ್ಲಿ ಕೈಕೊಡುವುದು ಹಾಗಾಗಿಯೇ. ಕೊನೆಯ ತೀರ್ಮಾನ ಬ್ಯಾಂಡ್ ನುಡಿಸುವ ವಾಲ್ಯೂಮ್‌ನಲ್ಲೇ ಆಗಲಿ.

ಕರೆಂಟಿನ ವಿಚಾರ ಚುಟುಕಾಗಿ. ಸಾಮಾನ್ಯ ಅನಲಾಗ್ ಡ್ರೈವ್ ಪೆಡಲ್‌ಗೆ 5ರಿಂದ 20 ಮಿಲಿಆಂಪ್ ಸಾಕು, ಡಿಜಿಟಲ್ ಡಿಲೇ ಅಥವಾ ರಿವರ್ಬ್‌ಗೆ 100ರಿಂದ 300 ಕೂಡ ಬೇಕಾದೀತು. ಇವನ್ನೆಲ್ಲ ಒಂದೇ ಅಡಾಪ್ಟರ್‌ನಿಂದ ಸಾಲಾಗಿ ಎಳೆದರೆ ಡಿಜಿಟಲ್ ಪೆಡಲ್‌ನ ‘ಕೀಂ’ ಸದ್ದು ಡ್ರೈವ್‌ಗೆ ನುಗ್ಗುತ್ತದೆ. ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಪೇಟೆಯಾದ ಎಸ್.ಪಿ. ರೋಡ್‌ನಲ್ಲಿ 9 ವೋಲ್ಟ್ ಅಡಾಪ್ಟರ್ ಕೊಳ್ಳುವಾಗ, ಪೆಡಲ್‌ಗೆ ಬೇಕಾದಂತೆ ಪಿನ್ನಿನ ಒಳಭಾಗ ನೆಗೆಟಿವ್ ಇದೆಯೇ ಎಂದು ಮೀಟರ್ ಹಿಡಿದು ನೋಡಿ, ಸಿಗುವುದು ಬಹುಪಾಲು ಉಲ್ಟಾ. ಕರೆಂಟು ಹೋಗಿ ಸ್ಕ್ವೇರ್ ವೇವ್ ಇನ್ವರ್ಟರ್ ಮೇಲೆ ಆಂಪ್ ಓಡುವಾಗ ಹೋಲಿಕೆ ಬೇಡವೇ ಬೇಡ. ಗುಂಯ್ ಕಡಿಮೆಯಾಗಲೆಂದು ಪ್ಲಗ್‌ನ ಅರ್ತ್ ಪಿನ್ ಕೀಳುವವರಿದ್ದಾರೆ. ಮೈಕ್‌ಗೆ ತುಟಿ, ತಂತಿಗೆ ಕೈ ತಾಗಿದಾಗ ಜೀವಕ್ಕೇ ಅಪಾಯ.

ಸ್ಪೀಕರ್ ಬದಲಿಸಿ ಕೇಳುವಾಗ ಆಂಪ್ ಆಫ್ ಮಾಡಿ. ವಾಲ್ವ್ ಆಂಪ್ (ಗಾಜಿನ ಟ್ಯೂಬ್‌ಗಳಿಂದ ನಡೆಯುವ ಆಂಪ್) ಅನ್ನು ಸ್ಪೀಕರ್ ಇಲ್ಲದೆ ಓಡಿಸಿದರೆ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುಟ್ಟುಹೋಗಬಹುದು. 8 ಓಮ್‌ನ ಎರಡು ಸ್ಪೀಕರ್ ಪ್ಯಾರಲಲ್ ಆದರೆ 4, ಸೀರೀಸ್ ಆದರೆ 16. ಆಂಪ್ ಹಿಂದೆ ಬರೆದದ್ದಕ್ಕೆ ಹೊಂದಬೇಕು. ತಂತಿ ಸ್ಪೀಕರ್ ಕೇಬಲ್ಲೇ ಆಗಿರಲಿ, ಗಿಟಾರ್ ಕೇಬಲ್ ಬೇಡ. ಸೆಕೆಂಡ್ ಹ್ಯಾಂಡ್ ಸ್ಪೀಕರ್ ಆದರೆ ಮಲ್ಟಿಮೀಟರ್ ಇಟ್ಟು ನೋಡಿ: 8 ಓಮ್‌ನದು 6ರಿಂದ 7 ಓಮ್ ತೋರಿಸಿದರೆ ಸರಿ, ಏನೂ ತೋರಿಸದಿದ್ದರೆ ಕಾಯಿಲ್ (ಒಳಗಿನ ತಂತಿಸುರುಳಿ) ಕಡಿದಿದೆ. ಕೋನ್‌ನ (ಸ್ಪೀಕರ್‌ನ ಕಂಪಿಸುವ ಕಾಗದದ ತಟ್ಟೆಯ) ಎರಡು ಬದಿಗೆ ಬೆರಳಿಟ್ಟು ಸಮನಾಗಿ, ಮೆಲ್ಲಗೆ ಒತ್ತಿ. ಕರಕರ ಎಂದು ಉಜ್ಜಿದರೆ ಕಾಯಿಲ್ ಸುಟ್ಟು ಉಬ್ಬಿದೆ ಅಥವಾ ಜಾಗ ತಪ್ಪಿದೆ, ಅಂಥದ್ದು ಬಿಟ್ಟುಬನ್ನಿ. ಎರಡು ಸ್ಪೀಕರ್‌ನ ಕ್ಯಾಬಿನೆಟ್‌ನಲ್ಲಿ ಬೇಸ್ ಇಲ್ಲವೇ ಇಲ್ಲ ಅನಿಸಿದರೆ ಪೆಡಲ್ ದೂರುವ ಮೊದಲು ಆಂಪ್‌ನ ತಂತಿ ಕಳಚಿ, 1.5 ವೋಲ್ಟ್ ಸೆಲ್ಲನ್ನು ಕ್ಯಾಬಿನೆಟ್‌ನ ತಂತಿಗಳಿಗೆ ಕ್ಷಣಮಾತ್ರ ಮುಟ್ಟಿಸಿ. ಎರಡೂ ಕೋನ್ ಒಂದೇ ದಿಕ್ಕಿಗೆ ಜಿಗಿಯಬೇಕು. ಒಂದು ಹೊರಕ್ಕೆ, ಇನ್ನೊಂದು ಒಳಕ್ಕೆ ಹೋದರೆ ಯಾವುದಾದರೂ ಒಂದರ ತಂತಿಗಳನ್ನು ಅದಲುಬದಲು ಮಾಡಿ.